ಓಪನ್ ಸೈಟೋ ಡಾಟೋ? ಪಿಸ್ತೂಲಿಗಿಂತ ಮೊದಲು ಕಣ್ಣು ನೋಡಿಕೊಳ್ಳಿ

ಪಿಸ್ತೂಲಿನಲ್ಲಿ ಗುರಿ ಹಿಡಿಯಲು ಎರಡು ಬಗೆಯ ಸೈಟ್ ಇವೆ: ಹಿಂದೊಂದು ಕಚ್ಚು (ರಿಯರ್ ಸೈಟ್), ಮುಂದೊಂದು ಕಂಬ (ಫ್ರಂಟ್ ಸೈಟ್) ಇರುವ ಓಪನ್ ಸೈಟ್, ಮತ್ತು ಗಾಜಿನಲ್ಲಿ ಕೆಂಪು ಚುಕ್ಕಿ ಕಾಣುವ ಡಾಟ್ ಸೈಟ್. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಮೂರು ಪ್ರಶ್ನೆ ಹಾಕುತ್ತೇನೆ. ಯಾವ ಪಂದ್ಯಕ್ಕೆ ಹೊಡೆಯುತ್ತೀರಿ? ವಯಸ್ಸೆಷ್ಟು? ಕನ್ನಡಕದ ಚೀಟಿಯಲ್ಲಿ ಏನು ಬರೆದಿದೆ? ಪಿಸ್ತೂಲು ಯಾವ ಕಂಪನಿಯದು ಅನ್ನುವುದು ಆಮೇಲಿನ ಮಾತು.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಈಗ ಇರುವುದು ಅಮೆರಿಕದ ಓಹಾಯೋದಲ್ಲಿ. ಹಗಲು ಕನ್ನಡಕದ ಲೆನ್ಸ್ ಅಳೆದು ಫ್ರೇಮಿಗೆ ಕೂರಿಸುವ ಕೆಲಸ. ಚಳಿಗಾಲದಲ್ಲಿ ವಾರಕ್ಕೊಂದು ಸಂಜೆ ಕ್ಲಬ್ಬಿನ ಒಳಾಂಗಣ ರೇಂಜಿನಲ್ಲಿ .22 ಪಿಸ್ತೂಲು ಹೊಡೆಯುತ್ತೇನೆ. ಬೇಸಿಗೆ ಬಂದರೆ ಬಯಲಿನಲ್ಲಿ, 50 ಗಜಕ್ಕೆ. ಇಲ್ಲಿ ಈ ಆಟಕ್ಕೆ ಬುಲ್ಸ್‌ಐ ಅನ್ನುತ್ತಾರೆ. ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. ಇದರಲ್ಲಿ ಓಪನ್ ಸೈಟೂ ನಡೆಯುತ್ತದೆ, ಡಾಟೂ ನಡೆಯುತ್ತದೆ. ಹಾಗಾಗಿ ಆರಿಸಿಕೊಳ್ಳುವ ಕಷ್ಟ ಇಲ್ಲಿ ಎಲ್ಲರಿಗೂ ಇದ್ದದ್ದೇ.

ಮೈಸೂರಿನಲ್ಲಿ ನನ್ನ ಅಣ್ಣನ ಮಗಳು 10 ಮೀಟರ್ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ಇನ್ನೂ ಕಾಲೇಜು ಹುಡುಗಿ. "ಅತ್ತೆ, ನಾನೂ ನಿಮ್ಮ ಹಾಗೆ ಒಂದು ಡಾಟ್ ಹಾಕಿಸಿಕೊಳ್ಳಲಾ?" ಅಂತ ಫೋನಿನಲ್ಲಿ ಕೇಳಿದಳು. ಅವಳಿಗೆ ನಾನು ಕೊಟ್ಟ ಉತ್ತರ ಬೇರೆ. ನಮ್ಮ ಕ್ಲಬ್ಬಿನಲ್ಲಿ ಅರವತ್ತು ದಾಟಿದವರಿಗೆ ಕೊಡುವ ಉತ್ತರ ಬೇರೆ. ಎರಡನ್ನೂ ಇಲ್ಲಿ ಬರೆಯುತ್ತೇನೆ.

ನಿಯಮ ಏನು ಹೇಳುತ್ತದೆ

ನೀವು ಭಾರತದಲ್ಲಿ 10 ಮೀಟರ್ ಅಥವಾ 25 ಮೀಟರ್ ಪಿಸ್ತೂಲು ಹೊಡೆಯುವವರಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದ ಪ್ರಕಾರ ಪಿಸ್ತೂಲಿಗೆ ಓಪನ್ ಸೈಟ್ ಮಾತ್ರ. ಡಾಟ್, ಲೇಸರ್, ದುರ್ಬೀನು, ಕನ್ನಡಿ ಯಾವುದೂ ಇರಬಾರದು. ಒಲಿಂಪಿಕ್ಸಿಗೂ ಇದೇ ನಿಯಮ. 2024ರಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಓಪನ್ ಸೈಟಿನಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಓಪನ್ ಸೈಟಿನಲ್ಲೇ. ದಿವ್ಯಾ ಟಿ.ಎಸ್. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಬೆಳ್ಳಿ ತಂದದ್ದೂ ಹಾಗೆಯೇ. ಏರ್ ಪಿಸ್ತೂಲು ಹೊಡೆಯುವವರ ಕಣ್ಣಿಗೆ ಏನು ಅಭ್ಯಾಸ ಆಗಬೇಕೋ ಅದು ಆಗುವುದು ಫ್ರಂಟ್ ಸೈಟಿನ ಮೇಲೆ. ಆದ್ದರಿಂದ ಅಣ್ಣನ ಮಗಳಿಗೆ ಹೇಳಿದ್ದು ಇಷ್ಟೇ: "ಬೇಡಮ್ಮ. ಆ ದುಡ್ಡಲ್ಲಿ ಪೆಲೆಟ್ ತಗೋ."

ಅಮೆರಿಕದಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಬುಲ್ಸ್‌ಐ ಪೂರ್ತಿ ಪಂದ್ಯ ಅಂದರೆ 2700 ಅಂಕದ್ದು. .22, ಸೆಂಟರ್‌ಫೈರ್, .45, ಹೀಗೆ ಮೂರು ಬಗೆಯ ಪಿಸ್ತೂಲಿಗೆ ಮೂರು ಸುತ್ತು. ಸುತ್ತಿಗೆ 90 ಗುಂಡು. ಸ್ಲೋ ಫೈರಿನಲ್ಲಿ ಹತ್ತು ಗುಂಡಿಗೆ ಹತ್ತು ನಿಮಿಷ. ಟೈಮ್ಡ್ ಫೈರಿನಲ್ಲಿ ಐದು ಗುಂಡಿಗೆ 20 ಸೆಕೆಂಡ್. ರ‍್ಯಾಪಿಡ್ ಫೈರಿನಲ್ಲಿ ಐದು ಗುಂಡಿಗೆ 10 ಸೆಕೆಂಡ್. ಸಾಲಿನಲ್ಲಿ ನಿಂತು ಅಕ್ಕಪಕ್ಕ ನೋಡಿದರೆ ಹೆಚ್ಚಿನವರ ಪಿಸ್ತೂಲಿನ ಮೇಲೆ ಡಾಟ್ ಕಾಣುತ್ತದೆ. ಉಕ್ಕಿನ ತಟ್ಟೆಗಳಿಗೆ ಬೇಗ ಬೇಗ ಹೊಡೆಯುವ ಸ್ಟೀಲ್ ಚಾಲೆಂಜ್ ಥರದ ಆಟದಲ್ಲಿ ಓಪನ್ ಸೈಟಿನವರಿಗೆ ಒಂದು ವಿಭಾಗ, ಡಾಟಿನವರಿಗೆ ಇನ್ನೊಂದು. ಅಲ್ಲಿ ಯಾವುದರಲ್ಲಿ ಇಳಿದರೂ ಸರಿಸಮಾನರ ಜೊತೆಗೇ ಪೈಪೋಟಿ. ನೀವು ಹೋಗಬೇಕೆಂದಿರುವ ಪಂದ್ಯದ ನಿಯಮವನ್ನು ಸೈಟ್ ಕೊಳ್ಳುವ ಮುಂಚೆಯೇ ಓದಿ. ಕೊಂಡ ಮೇಲೆ ಓದುವವರನ್ನು ತುಂಬಾ ನೋಡಿದ್ದೇನೆ.

ಎರಡರಲ್ಲೂ ತಪ್ಪು ಎಲ್ಲಿ ಹುಟ್ಟುತ್ತದೆ

ಓಪನ್ ಸೈಟಿನಲ್ಲಿ ಮೂರು ವಸ್ತು ಒಂದು ಗೆರೆಗೆ ಬರಬೇಕು: ಹಿಂದಿನ ಕಚ್ಚು, ಮುಂದಿನ ಕಂಬ, ದೂರದ ಕಪ್ಪು ವೃತ್ತ. ಕಂಬದ ತಲೆ ಕಚ್ಚಿನ ತಲೆಗೆ ಸಮ ಇರಬೇಕು. ಎಡಕ್ಕೂ ಬಲಕ್ಕೂ ಬೆಳಕಿನ ಸಂದು ಸಮ ಇರಬೇಕು. ಕಣ್ಣು ಒಂದು ಸಲಕ್ಕೆ ಒಂದೇ ದೂರಕ್ಕೆ ಸ್ಪಷ್ಟವಾಗಿ ನೋಡಬಲ್ಲದು. ಹಾಗಾಗಿ ಕಂಬವನ್ನು ಸ್ಪಷ್ಟ ಮಾಡಿಕೊಂಡು ಕಪ್ಪು ವೃತ್ತ ಮಸುಕಾಗಿದ್ದರೂ ಇರಲಿ ಅಂತ ಬಿಡಬೇಕು. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ.

ಏರ್ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವೆ 320 ಮಿಲಿಮೀಟರ್ ಅಂತರ ಇದೆ ಅಂತಿಟ್ಟುಕೊಳ್ಳಿ. ಕಂಬ ಕಚ್ಚಿನೊಳಗೆ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರಿನಲ್ಲಿ ಪೆಲೆಟ್ ಸುಮಾರು 16 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. 10ರ ವೃತ್ತದ ಅಡ್ಡಳತೆ ಬರೀ 11.5 ಮಿಲಿಮೀಟರ್. ಅಂದರೆ 9ರ ಅಂಚಿಗೆ ಹೋಯಿತು. ಒಂದು ಮಿಲಿಮೀಟರ್ ಸರಿದರೆ 7ಕ್ಕೆ ಇಳಿಯಿತು. ಅದೇ, ಸೈಟ್ ಎರಡೂ ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈ 5 ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ? ಪೆಲೆಟ್ ಕೂಡ ಅಷ್ಟೇ 5 ಮಿಲಿಮೀಟರ್ ಸರಿಯುತ್ತದೆ. ಇನ್ನೂ 10. ಕೈ ಅಲುಗಿದ್ದಕ್ಕೆ ಕ್ಷಮೆ ಉಂಟು, ಸೈಟ್ ಹೊಂದಿಕೆ ತಪ್ಪಿದ್ದಕ್ಕೆ ಇಲ್ಲ. ಇದು ಒಮ್ಮೆ ಮನಸ್ಸಿಗೆ ಹತ್ತಿದರೆ "ಟಾರ್ಗೆಟ್ ಬಿಡು, ಫ್ರಂಟ್ ಸೈಟ್ ನೋಡು" ಅಂತ ಕೋಚ್ ಯಾಕೆ ಅಷ್ಟು ಸಲ ಹೇಳುತ್ತಾರೆ ಅಂತ ತಾನಾಗಿಯೇ ತಿಳಿಯುತ್ತದೆ.

ಡಾಟ್ ಸೈಟಿನಲ್ಲಿ ಒಳಗೊಂದು ಚಿಕ್ಕ ಎಲ್‌ಇಡಿ ಇರುತ್ತದೆ. ಅದರ ಬೆಳಕು ಬಾಗಿದ ಗಾಜಿನ ಮೇಲೆ ಬಿದ್ದು ನಿಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಬರುವಾಗ ಆ ಕಿರಣಗಳು ಒಂದಕ್ಕೊಂದು ಸಮಾನಾಂತರ. ಆದ್ದರಿಂದ ಕೆಂಪು ಚುಕ್ಕಿ ಗಾಜಿನ ಮೇಲಲ್ಲ, ತುಂಬಾ ದೂರದಲ್ಲಿ, ಟಾರ್ಗೆಟ್ಟಿನ ಹತ್ತಿರ ತೇಲುತ್ತಿರುವ ಹಾಗೆ ಕಾಣುತ್ತದೆ. ಕಣ್ಣು ದೂರಕ್ಕೆ ನೋಡಿದರೆ ಸಾಕು. ಚುಕ್ಕಿ ಗಾಜಿನ ನಡುವೆ ಇಲ್ಲದೆ ಸ್ವಲ್ಪ ಪಕ್ಕಕ್ಕಿದ್ದರೂ ಗುಂಡು ಹೆಚ್ಚು ಕಡಿಮೆ ಚುಕ್ಕಿ ಇದ್ದಲ್ಲೇ ಬೀಳುತ್ತದೆ. ಮೂರು ವಸ್ತು ಹೊಂದಿಸುವ ಕೆಲಸ ಹೋಯಿತು. ಉಳಿದದ್ದು ಹಿಡಿತ ಮತ್ತು ಟ್ರಿಗರ್. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ಇಂಥ ಸೈಟನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಬುಲ್ಸ್‌ಐ ಆಟದ ರೂಪವೇ ಬದಲಾಯಿತು.

ಆದರೆ ಒಂದು ಮಾತು. ಡಾಟ್ ಹಾಕಿದ ತಕ್ಷಣ ಕೈ ಗಟ್ಟಿಯಾಗುವುದಿಲ್ಲ. ಟ್ರಿಗರ್ ಕಿತ್ತೆಳೆಯುವ ಅಭ್ಯಾಸ ಇದ್ದವರು ಡಾಟ್ ಹಾಕಿದ ಮೇಲೂ ಕಿತ್ತೇ ಎಳೆಯುತ್ತಾರೆ. ಇನ್ನೂ ಜಾಸ್ತಿ ಎಳೆಯುತ್ತಾರೆ. ಅದರ ಕಾರಣಕ್ಕೆ ಮುಂದೆ ಬರುತ್ತೇನೆ.

ಕಣ್ಣಿನ ವಿಷಯ

ನನ್ನ ಕಸುಬಿನ ಮಾತು ಇದು, ಸ್ವಲ್ಪ ಉದ್ದ ಬರೆಯುತ್ತೇನೆ.

ಕೈ ಚಾಚಿ ಪಿಸ್ತೂಲು ಹಿಡಿದಾಗ ಫ್ರಂಟ್ ಸೈಟ್ ಕಣ್ಣಿನಿಂದ ಸುಮಾರು 90 ಸೆಂಟಿಮೀಟರಿನಿಂದ ಒಂದು ಮೀಟರ್ ದೂರ ಇರುತ್ತದೆ. ಇಪ್ಪತ್ತು ವರ್ಷದ ಕಣ್ಣಿಗೆ ಅದು ಏನೂ ಅಲ್ಲ. ಕಣ್ಣೊಳಗಿನ ಲೆನ್ಸ್ ಮೆತ್ತಗಿರುತ್ತದೆ, ಬೇಕಾದ ಹಾಗೆ ಉಬ್ಬಿ ಹತ್ತಿರಕ್ಕೂ ಹೊಂದಿಕೊಳ್ಳುತ್ತದೆ. ನಲವತ್ತು ದಾಟಿದ ಮೇಲೆ ಆ ಲೆನ್ಸ್ ಗಡುಸಾಗುತ್ತಾ ಹೋಗುತ್ತದೆ. ಚಾಳೀಸು ಬರುವುದು ಇದೇ ಕಾರಣಕ್ಕೆ. ಮೊದಲು ಪೇಪರ್ ಓದಲು ಕಷ್ಟ, ಆಮೇಲೆ ಫೋನು, ಕೊನೆಗೆ ಒಂದು ದಿನ ಫ್ರಂಟ್ ಸೈಟಿನ ಅಂಚೂ ಮಸುಕಾಗುತ್ತದೆ. ಹೀಗಾದಾಗ ತುಂಬಾ ಜನ "ನನ್ನ ಕೈ ಹೋಯಿತು" ಅಂದುಕೊಳ್ಳುತ್ತಾರೆ. ಕೈ ಅಲ್ಲ, ಕಣ್ಣು. ಅಂಚು ಸರಿಯಾಗಿ ಕಾಣದಿದ್ದರೆ ಅರ್ಧ ಮಿಲಿಮೀಟರ್ ಸರಿದದ್ದು ಹೇಗೆ ಗೊತ್ತಾಗಬೇಕು?

ಇಂಥವರಿಗೆ ಎರಡು ದಾರಿ ಇದೆ. ಒಂದು, ಓಪನ್ ಸೈಟಿನಲ್ಲೇ ಉಳಿದು ಅದಕ್ಕೆಂದೇ ಲೆನ್ಸ್ ಮಾಡಿಸಿಕೊಳ್ಳುವುದು. ಎರಡು, ಡಾಟಿಗೆ ಹೋಗುವುದು. ಡಾಟ್ ಸುಲಭ ಅಂತ ಎಲ್ಲರೂ ಅದಕ್ಕೇ ಹಾರುತ್ತಾರೆ. ಆದರೆ ಮೊದಲನೆಯ ದಾರಿ ಅನೇಕರಿಗೆ ಗೊತ್ತೇ ಇಲ್ಲ. ಅದನ್ನೂ ಹೇಳಬೇಕು ಅಂತಲೇ ಇದನ್ನು ಬರೆಯಲು ಕೂತೆ.

ಮೊದಲು ದೂರದ ಪವರ್ ಸರಿಯಾಗಿ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಹಿಡಿತದಲ್ಲಿರುವ ಸಮಯದಲ್ಲಿ ಮಾಡಿಸಿ. ಸಕ್ಕರೆ ಏರಿಳಿದರೆ ಪವರೂ ಏರಿಳಿಯುತ್ತದೆ. ಆಮೇಲೆ, ಗುರಿಯಿಡುವ ಕಣ್ಣಿಗೆ ಆ ದೂರದ ಪವರಿಗೆ +0.50 ಅಥವಾ +0.75 ಸೇರಿಸಿದ ಒಂದೇ ಪವರಿನ ಲೆನ್ಸ್ ಹಾಕಿಸಿ. ನಿಮ್ಮ ದೂರದ ಪವರ್ -2.00 ಇದ್ದರೆ +0.75 ಸೇರಿಸಿದಾಗ -1.25 ಆಗುತ್ತದೆ. ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂ ತಿದ್ದುವ ಪವರ್) ಇದ್ದರೆ ಅದನ್ನು ಹಾಗೆಯೇ ಇಡಬೇಕು, ಬಿಡಬಾರದು. ಪೂರ್ತಿ ಫ್ರಂಟ್ ಸೈಟಿಗೇ ಹೊಂದುವ ಹಾಗೆ +1.00 ಯಾಕೆ ಬೇಡ? ಅಷ್ಟು ಸೇರಿಸಿದರೆ ಕಂಬ ಚೆನ್ನಾಗಿ ಕಾಣುತ್ತದೆ, ಕಪ್ಪು ವೃತ್ತ ಮಾತ್ರ ಬೂದು ಮೋಡದಂತೆ ಆಗುತ್ತದೆ. ಸ್ವಲ್ಪ ಕಡಿಮೆ ಹಾಕಿದರೆ ಎರಡೂ ಕೆಲಸಕ್ಕೆ ಬರುವಷ್ಟು ಕಾಣುತ್ತವೆ. ಎಷ್ಟು ಅನ್ನುವುದನ್ನು ಪರೀಕ್ಷೆ ಕುರ್ಚಿಯಲ್ಲೇ ಟ್ರಯಲ್ ಲೆನ್ಸ್ ಹಾಕಿ ನೋಡಬಹುದು. ಪಿಸ್ತೂಲನ್ನು ಕ್ಲಿನಿಕ್ಕಿಗೆ ಒಯ್ಯಬೇಡಿ. ಮನೆಯಲ್ಲೇ, ಖಾಲಿ ಪಿಸ್ತೂಲು ಹಿಡಿದು, ಕಣ್ಣಿನಿಂದ ಫ್ರಂಟ್ ಸೈಟಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಯಾರ ಕೈಲಾದರೂ ಅಳೆಸಿ. ಆ ಅಂಕಿ ಬರೆದುಕೊಂಡು ಹೋಗಿ. ಕುರ್ಚಿಯಲ್ಲಿ ಅಷ್ಟೇ ದೂರಕ್ಕೆ ಒಂದು ಪೆನ್ನು ಹಿಡಿಸಿ, ಅದರ ತುದಿ ಸ್ಪಷ್ಟವಾಗಿದ್ದು ಗೋಡೆಯ ಅಕ್ಷರ ಓದುವಷ್ಟು ಕಾಣುತ್ತದೋ ನೋಡಿ.

ಪ್ರೋಗ್ರೆಸಿವ್ ಕನ್ನಡಕ ಈ ಆಟಕ್ಕೆ ಆಗುವುದಿಲ್ಲ. ಅದರಲ್ಲಿ ಮೇಲೆ ದೂರದ ಪವರ್, ಕೆಳಗೆ ಓದುವ ಪವರ್. ಬೇಕಾದ ಪವರ್ ಹುಡುಕಲು ಗಲ್ಲ ಎತ್ತಬೇಕಾಗುತ್ತದೆ. ಪ್ರತಿ ಗುಂಡಿಗೂ ತಲೆ ಬೇರೆ ಕಡೆ ಇರುತ್ತದೆ. ಮಾಮೂಲು ಕನ್ನಡಕದ ಇನ್ನೊಂದು ತೊಂದರೆ ಅಂದರೆ, ಒಂದು ಕೈಯಲ್ಲಿ ಹೊಡೆಯುವವರು ತಲೆ ತಿರುಗಿಸಿ ನಿಲ್ಲುತ್ತಾರೆ. ಆಗ ನೋಟ ಲೆನ್ಸಿನ ನಡುವಿನಿಂದ ಹೋಗುವುದಿಲ್ಲ, ಅಂಚಿನ ಕಡೆಯಿಂದ ಹೋಗುತ್ತದೆ. ಅಲ್ಲಿ ಪವರ್ ಸರಿ ಇರುವುದಿಲ್ಲ. ಶೂಟಿಂಗ್ ಫ್ರೇಮುಗಳು ಇರುವುದೇ ಇದಕ್ಕೆ. ಕ್ನೋಬ್ಲಾಕ್, ಚಾಂಪಿಯನ್ ಥರದ ಫ್ರೇಮಿನಲ್ಲಿ ಒಂಟಿ ಲೆನ್ಸನ್ನು ನೋಟದ ಗೆರೆಗೆ ನೇರವಾಗಿ ತಿರುಗಿಸಿ ನಿಲ್ಲಿಸಬಹುದು. ಅದಕ್ಕೆ ಒಂದು ಐರಿಸ್ ಕೂಡ ಸಿಗುತ್ತದೆ. ಅದರ ತೂತು ಚಿಕ್ಕದು ಮಾಡಿದರೆ ಕಂಬವೂ ವೃತ್ತವೂ ಒಟ್ಟಿಗೆ ಚುರುಕಾಗುತ್ತವೆ, ಆದರೆ ಬೆಳಕು ಕಡಿಮೆಯಾಗುತ್ತದೆ. ಮಂದ ಬೆಳಕಿನ ರೇಂಜಿನಲ್ಲಿ ತೀರಾ ಚಿಕ್ಕದು ಮಾಡಬೇಡಿ. ಇನ್ನೊಂದು ಕಣ್ಣನ್ನು ಮುಚ್ಚಿ ಹಿಂಡಬೇಡಿ. ಬೆಳಕು ಬರುವ, ಚಿತ್ರ ಕಾಣದ ಬಿಳಿ ಪ್ಲಾಸ್ಟಿಕ್ಕಿನ ತುಂಡು ಅಡ್ಡ ಇಟ್ಟರೆ ಸಾಕು. ಐಎಸ್‌ಎಸ್‌ಎಫ್ ಪಂದ್ಯದಲ್ಲಿ ಅದು 30 ಮಿಲಿಮೀಟರಿಗಿಂತ ಅಗಲ ಇರಬಾರದು.

ಇನ್ನು ಡಾಟಿಗೂ ಕಣ್ಣಿನ ಕಷ್ಟ ಇದ್ದೇ ಇದೆ. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಸಮ ಇಲ್ಲದ ದೋಷ, ಇದ್ದವರಿಗೆ ಚುಕ್ಕಿ ಚುಕ್ಕಿಯಾಗಿ ಕಾಣುವುದಿಲ್ಲ. ಬಾಲ ಇದ್ದ ಹಾಗೆ, ದ್ರಾಕ್ಷಿ ಗೊಂಚಲಿನ ಹಾಗೆ, ಇಲ್ಲವೇ ಅಡ್ಡ ಗೀಟಿನ ಹಾಗೆ ಕಾಣುತ್ತದೆ. "ಸೈಟ್ ಕೆಟ್ಟಿದೆ" ಅಂತ ಅಂಗಡಿಗೆ ವಾಪಸ್ ಕೊಡುವವರಿದ್ದಾರೆ. ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಪಿಸ್ತೂಲಿಗೆ ಕೂರಿಸದೆ ಸೈಟನ್ನು ಕೈಯಲ್ಲಿ ಹಿಡಿದು, ನೋಡುತ್ತಲೇ ನಿಧಾನವಾಗಿ ತಿರುಗಿಸಿ. ಚುಕ್ಕಿಯ ಬಾಲವೂ ಸೈಟಿನ ಜೊತೆ ತಿರುಗಿದರೆ ದೋಷ ಸೈಟಿನದು. ಸೈಟ್ ತಿರುಗಿದರೂ ಬಾಲ ನಿಂತಲ್ಲೇ ನಿಂತಿದ್ದರೆ ದೋಷ ಕಣ್ಣಿನದು. ಕಾಗದಕ್ಕೆ ಸೂಜಿಯಲ್ಲಿ ಚುಚ್ಚಿದ ತೂತಿನ ಮೂಲಕವೂ ನೋಡಿ. ಚುಕ್ಕಿ ದುಂಡಗಾದರೆ ಕನ್ನಡಕದಿಂದ ಸರಿಯಾಗುವ ಸಾಧ್ಯತೆ ಜಾಸ್ತಿ. ಸಣ್ಣ ಸಿಲಿಂಡರ್ ಪವರ್ ಇದ್ದವರು "ಅದಿಲ್ಲದೆಯೂ ಕಾಣುತ್ತೆ" ಅಂತ ಬಿಟ್ಟಿರುತ್ತಾರೆ. ದಿನದ ಬದುಕಿಗೆ ಅದು ಸರಿಯೇ. ಡಾಟ್ ಮಾತ್ರ ಅದನ್ನು ಮುಲಾಜಿಲ್ಲದೆ ತೋರಿಸುತ್ತದೆ. ಡಾಟಿಗೆ ಬೇಕಾದದ್ದು ದೂರದ ಪೂರ್ತಿ ಪವರಿನ ಮಾಮೂಲು ಲೆನ್ಸ್. ಮೇಲೆ ಹೇಳಿದ +0.75 ಇಲ್ಲಿ ಬೇಡ.

ಪೊರೆ ಆಪರೇಷನ್ ಆಗಿ ದೂರಕ್ಕೆ ಹೊಂದಿಸಿದ ಲೆನ್ಸ್ ಕಣ್ಣೊಳಗೆ ಕೂತವರಿಗೆ ನಾನು ಎರಡು ಯೋಚನೆ ಇಲ್ಲದೆ ಡಾಟ್ ಹೇಳುತ್ತೇನೆ, ನಿಯಮ ಅಡ್ಡ ಬರದಿದ್ದರೆ. ಪೊರೆ ಈಗಷ್ಟೇ ಬರುತ್ತಿರುವವರಿಗೆ ಚುಕ್ಕಿಯ ಸುತ್ತ ಪ್ರಭೆ ಕಾಣಬಹುದು. ಇದ್ದಕ್ಕಿದ್ದಂತೆ ಹಾಗೆ ಕಾಣತೊಡಗಿದರೆ ಸೈಟಿನ ಬ್ರೈಟ್‌ನೆಸ್ ತಿರುಗಿಸುತ್ತಾ ಕೂರಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಡಾಟ್ ನಡುಗುತ್ತದೆ ಅನ್ನುವವರಿಗೆ

ಡಾಟ್ ಹಾಕಿಸಿಕೊಂಡ ಮೊದಲ ವಾರ ಎಲ್ಲರ ದೂರೂ ಒಂದೇ. "ಇದೇನಿದು, ಕೈ ಇಷ್ಟು ನಡುಗುತ್ತಾ?" ಕೈ ಮೊದಲೂ ಅಷ್ಟೇ ನಡುಗುತ್ತಿತ್ತು. ಓಪನ್ ಸೈಟಿನಲ್ಲಿ ಕಣ್ಣು ಕಂಬದ ಮೇಲಿರುತ್ತದೆ, ಟಾರ್ಗೆಟ್ ಮಸುಕು. ಹಾಗಾಗಿ ಅಲುಗಾಟ ಅಷ್ಟಾಗಿ ಕಾಣುವುದಿಲ್ಲ. ಡಾಟಿನಲ್ಲಿ ಚುಕ್ಕಿಯೂ ಟಾರ್ಗೆಟ್ಟೂ ಒಟ್ಟಿಗೆ ಸ್ಪಷ್ಟ. ಇದ್ದ ಅಲುಗಾಟವೆಲ್ಲ ಎದುರಿಗೇ ಕುಣಿಯುತ್ತದೆ. 50 ಗಜದ ಸ್ಲೋ ಫೈರ್ ಟಾರ್ಗೆಟ್ಟಿನ ಕಪ್ಪು ಭಾಗ 8 ಇಂಚು, ಅದರೊಳಗಿನ 10ರ ವೃತ್ತ 3.39 ಇಂಚು. ಹೊಸಬರ ಚುಕ್ಕಿ ಆ ಕಪ್ಪಿನ ಒಳಗೂ ಹೊರಗೂ ಸುತ್ತುತ್ತದೆ. ಅದು ಸಹಜ.

ಇಲ್ಲೇ ಟ್ರಿಗರ್ ಕೆಡುವುದು. ಚುಕ್ಕಿ 10ರ ಮೇಲೆ ಹಾದುಹೋಗುವ ಕ್ಷಣಕ್ಕೆ ಕಾದು, ಬಂತು ಅಂದ ಕೂಡಲೇ ಟ್ರಿಗರ್ ಕಿತ್ತುಬಿಡುತ್ತಾರೆ. ಆ ಎಳೆತಕ್ಕೆ ಮೂತಿ ಕೆಳಗೆ ಹೋಗುತ್ತದೆ, ಗುಂಡು 7ಕ್ಕೆ. ಸುಮ್ನೆ ಅಲುಗಲು ಬಿಟ್ಟು, ಒತ್ತಡವನ್ನು ಒಂದೇ ಸಮ ಹೆಚ್ಚಿಸುತ್ತಾ ಹೋಗಿದ್ದರೆ ಗುಂಡು ಆ ಅಲುಗಾಟದ ವಲಯದೊಳಗೇ ಎಲ್ಲಾದರೂ ಬೀಳುತ್ತಿತ್ತು. ಅಲುಗಾಟದ ನಡುಭಾಗದಲ್ಲೇ ಚುಕ್ಕಿ ಹೆಚ್ಚು ಹೊತ್ತು ಇರುವುದರಿಂದ ಹೆಚ್ಚಿನ ಗುಂಡು ಅಲ್ಲೇ ಬೀಳುತ್ತವೆ. ಇದನ್ನು ನಂಬಲು ಧೈರ್ಯ ಬೇಕು, ನಿಜ.

ನನ್ನ ಸಲಹೆ: ಬ್ರೈಟ್‌ನೆಸ್ ಇಳಿಸಿ. ಚುಕ್ಕಿ ಕಂಡರೆ ಸಾಕು, ಉರಿಯಬೇಕಿಲ್ಲ. ಉರಿಯುವ ಚುಕ್ಕಿ ದೊಡ್ಡದಾಗಿ ಕಾಣುತ್ತದೆ, ಕಣ್ಣನ್ನೂ ಅದೇ ಎಳೆದುಕೊಳ್ಳುತ್ತದೆ. ನೋಟ ಟಾರ್ಗೆಟ್ಟಿನ ಮೇಲಿರಲಿ. ಚುಕ್ಕಿಯ ಮೇಲೇ ನೋಟ ಇಡಬೇಕು ಅನ್ನುವ ಒಳ್ಳೆಯ ಶೂಟರುಗಳೂ ಇದ್ದಾರೆ. ನನಗೆ ಹೊಂದಿದ್ದು ಟಾರ್ಗೆಟ್.

ಚುಕ್ಕಿಯ ಗಾತ್ರವನ್ನು ಎಂಒಎ ಅನ್ನುವ ಕೋನದ ಅಳತೆಯಲ್ಲಿ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಹೇಳುತ್ತಾರೆ. 1 ಎಂಒಎ ಅಂದರೆ 50 ಗಜದಲ್ಲಿ ಸುಮಾರು 13 ಮಿಲಿಮೀಟರ್, 25 ಗಜದಲ್ಲಿ ಅದರ ಅರ್ಧ. 3 ಎಂಒಎ ಚುಕ್ಕಿ 50 ಗಜದಲ್ಲಿ ಸುಮಾರು 40 ಮಿಲಿಮೀಟರ್ ಮುಚ್ಚುತ್ತದೆ. 6 ಎಂಒಎ ಚುಕ್ಕಿ 80 ಮಿಲಿಮೀಟರ್, ಅಂದರೆ 10ರ ವೃತ್ತವನ್ನು ಹೆಚ್ಚು ಕಡಿಮೆ ಪೂರ್ತಿ ಮುಚ್ಚುತ್ತದೆ. ಚಿಕ್ಕ ಚುಕ್ಕಿ ನಿಖರ ಅಂತ ಎಲ್ಲರೂ 2 ಎಂಒಎ ಕೇಳುತ್ತಾರೆ. ಹೊಸಬರಿಗೆ ಅದು ಬೇಡ. ಚುಕ್ಕಿ ಚಿಕ್ಕದಾದಷ್ಟೂ ಅಲುಗಾಟ ದೊಡ್ಡದಾಗಿ ಕಾಣುತ್ತದೆ, ಮನಸ್ಸು ಕೆಡುತ್ತದೆ. 4 ಅಥವಾ 6 ತಗೊಳ್ಳಿ. ಅಲ್ಟ್ರಾಡಾಟ್ ಮ್ಯಾಚ್‌ಡಾಟ್ ಥರದ ಸೈಟಿನಲ್ಲಿ 2, 4, 6, 8 ಹೀಗೆ ಬದಲಾಯಿಸಿಕೊಳ್ಳುವ ಅನುಕೂಲ ಇದೆ. ಸ್ಲೋ ಫೈರಿಗೆ ಒಂದು, ರ‍್ಯಾಪಿಡ್ ಫೈರಿಗೆ ಇನ್ನೊಂದು ಅಂತ ಪ್ರಯೋಗ ಮಾಡಬಹುದು.

ಕೂರಿಸುವುದು, ಹೊಂದಿಸುವುದು

ಡಾಟ್ ಎತ್ತರಕ್ಕೆ ಕೂರುತ್ತದೆ. ಓಪನ್ ಸೈಟಿಗಿಂತ ಗೆರೆ ಮೇಲೆ ಬಂದದ್ದರಿಂದ ಕೈ ಎತ್ತಿದ ಕೂಡಲೇ ಚುಕ್ಕಿ ಸಿಗುವುದಿಲ್ಲ. ಗಾಜಿನೊಳಗೆ ಹುಡುಕಾಡುತ್ತಾ ಮಣಿಕಟ್ಟು ಆಡಿಸಿದರೆ ಹಿಡಿತವೇ ಬದಲಾಗುತ್ತದೆ. ಮನೆಯಲ್ಲಿ ಖಾಲಿ ಗೋಡೆಯ ಎದುರು, ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು, ಗುಂಡಿನ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಕಣ್ಣು ಮುಚ್ಚಿ ಕೈ ಎತ್ತಿ. ಕಣ್ಣು ತೆರೆದಾಗ ಚುಕ್ಕಿ ಗಾಜಿನ ನಡುವೆ ಇರಬೇಕು. ಇಲ್ಲದಿದ್ದರೆ ಮಣಿಕಟ್ಟಲ್ಲ, ಹಿಡಿತ ಸರಿಪಡಿಸಿ. ಗ್ರಿಪ್ಪಿನ ಕೋನ ಬದಲಾಯಿಸಬೇಕಾಗಿ ಬರಬಹುದು. ಡ್ರೈ ಫೈರ್, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ಮಾಡುವ ಮುಂಚೆ ಮ್ಯಾನುಯಲ್ ಓದಿ. ಕೆಲವು .22 ಪಿಸ್ತೂಲುಗಳಲ್ಲಿ ಖಾಲಿ ಹೊಡೆದರೆ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿಯುತ್ತದೆ. ಪಂದ್ಯದ ಏರ್ ಪಿಸ್ತೂಲುಗಳಲ್ಲಿ ಡ್ರೈ ಫೈರಿಗೇ ಒಂದು ವ್ಯವಸ್ಥೆ ಇರುತ್ತದೆ.

ತೂಕವನ್ನೂ ಯೋಚಿಸಿ. ಕೊಳವೆ ಆಕಾರದ ಟ್ಯೂಬ್ ಡಾಟ್ ಮತ್ತು ಅದನ್ನು ಕೂರಿಸುವ ಮೌಂಟ್ ಸೇರಿದರೆ ಒಂದು ಕೈಯಲ್ಲಿ ಹಿಡಿಯುವವರಿಗೆ ಅದು ಗೊತ್ತಾಗುವಷ್ಟು ಭಾರ. .45ರ 1911 ಅನ್ನುವ ಮಾದರಿಯಲ್ಲಿ, ಹೊಡೆದಾಗ ಹಿಂದೆ ಮುಂದೆ ಓಡುವ ಸ್ಲೈಡಿನ ಮೇಲೆ ಕೂರಿಸಿದರೆ ಸ್ಲೈಡ್ ಭಾರವಾಗಿ ಸ್ಪ್ರಿಂಗ್ ಬದಲಾಯಿಸಬೇಕಾಗಬಹುದು. ಆ ಕೆಲಸವನ್ನು ಬುಲ್ಸ್‌ಐ ಪಿಸ್ತೂಲು ಮಾಡಿ ಅನುಭವ ಇರುವ ಗನ್‌ಸ್ಮಿತ್‌ಗೇ ಕೊಡಿ. .22ರಲ್ಲಿ, ಉದಾಹರಣೆಗೆ ರೂಗರ್ ಮಾರ್ಕ್ 4ರಲ್ಲಿ, ಸ್ಲೈಡ್ ಅನ್ನುವುದೇ ಇಲ್ಲ. ರಿಸೀವರ್ ಅಲುಗುವುದಿಲ್ಲ, ಹಿಂದೆ ಬೋಲ್ಟ್ ಮಾತ್ರ ಓಡಾಡುತ್ತದೆ. ಡಾಟ್ ಆರಾಮಾಗಿ ಕೂರುತ್ತದೆ. ಮೊದಲ ಡಾಟ್ .22ಕ್ಕೇ ಹಾಕಿ ಅಂತ ನಾನು ಹೇಳುವುದು ಇದಕ್ಕೇ. ಸ್ಕ್ರೂಗಳು ಸಡಿಲವಾಗದಂತೆ ನೀಲಿ ಲಾಕ್‌ಟೈಟ್ ಅಂಟು ಒಂದು ತೊಟ್ಟು ಹಾಕಿ. ಸಡಿಲ ಮೌಂಟಿನಿಂದ ಹಾಳಾದ ಸ್ಕೋರ್ ಎಷ್ಟೋ.

ಸೈಟ್ ತಿದ್ದುವಾಗ ಗಲಿಬಿಲಿ ಬೇಡ. ಓಪನ್ ಸೈಟಿನಲ್ಲಿ ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ರಿಯರ್ ಸೈಟ್ ಸರಿಸಿ. ಡಾಟಿನಲ್ಲಿ ಬಾಣದ ಗುರುತು ಇರುತ್ತದೆ. ಗುಂಡು ಮೇಲೆ ಬೀಳಬೇಕಾದರೆ ಮೇಲಿನ ಬಾಣದ ಕಡೆ ತಿರುಗಿಸಿ. ಆಗ ಚುಕ್ಕಿ ಗಾಜಿನಲ್ಲಿ ಕೆಳಗೆ ಹೋದಂತೆ ಕಾಣುತ್ತದೆ, ಅದು ಸರಿಯೇ. ಒಂದು ಗುಂಡು ನೋಡಿ ತಿರುಗಿಸಬೇಡಿ. ಐದು ಹೊಡೆದು, ಗುಂಪಿನ ನಡುಭಾಗ ನೋಡಿ ತಿರುಗಿಸಿ. ಬುಲ್ಸ್‌ಐಯಲ್ಲಿ 50 ಗಜಕ್ಕೂ 25 ಗಜಕ್ಕೂ ಸೈಟ್ ತಿರುಗಿಸುವ ಕ್ಲಿಕ್ಕಿನ ಲೆಕ್ಕ ಬೇರೆ. ಎರಡನ್ನೂ ಪೆಟ್ಟಿಗೆಯ ಮುಚ್ಚಳದೊಳಗೆ ಚೀಟಿ ಬರೆದು ಅಂಟಿಸಿ.

ಬ್ಯಾಟರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ಇನ್ನೊಂದು ಇಟ್ಟಿರಿ. ಗಾಜಿಗೆ ಮಳೆ ಹನಿ ಬಿದ್ದರೆ ಒರೆಸಲು ಒಂದು ಮೆತ್ತನೆಯ ಬಟ್ಟೆ.

ಓಪನ್ ಸೈಟಿನವರಿಗೆ ಬ್ಯಾಟರಿಯ ಚಿಂತೆ ಇಲ್ಲ, ಬೆಳಕಿನ ಚಿಂತೆ ಇದೆ. ನಮ್ಮ ಓಹಾಯೋದಲ್ಲಿ ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಗೆ 1907ರಿಂದ ರಾಷ್ಟ್ರೀಯ ಪಂದ್ಯಗಳ ಇತಿಹಾಸ ಇದೆ. ಬೇಸಿಗೆಯಲ್ಲಿ ಅಲ್ಲಿ ಮೋಡ ಬಂದು ಹೋಗುತ್ತಿರುತ್ತದೆ. ಬಿಸಿಲು ಒಂದು ಪಕ್ಕದಿಂದ ಬಿದ್ದರೆ ಕಂಬದ ಆ ಅಂಚು ಹೊಳೆಯುತ್ತದೆ, ಅದರ ನಡುಭಾಗ ಎಲ್ಲಿ ಅನ್ನುವುದು ಕಣ್ಣಿಗೆ ತಪ್ಪಿಹೋಗುತ್ತದೆ. ಅದಕ್ಕೇ ಹಳಬರು ಸೈಟಿಗೆ ಮಸಿ ಹಿಡಿಸಿಯೇ ಸಾಲಿಗೆ ಬರುತ್ತಾರೆ. ನೀವೂ ಹಾಗೆ ಮಾಡಿ. ಮತ್ತೆ, ಕಂಬವನ್ನು ಕಪ್ಪು ವೃತ್ತಕ್ಕೆ ತಾಗಿಸಿ ಹಿಡಿಯಬೇಡಿ. ಕಪ್ಪಿನ ಮೇಲೆ ಕಪ್ಪು ಬಂದರೆ ಅಂಚು ಕಳೆದುಹೋಗುತ್ತದೆ. ವೃತ್ತದ ಕೆಳಗೆ ಒಂದಿಷ್ಟು ಬಿಳಿ ಬಿಟ್ಟು ಹಿಡಿಯಿರಿ. ವಯಸ್ಸಾದಂತೆ ರಿಯರ್ ಕಚ್ಚನ್ನು ಸ್ವಲ್ಪ ಅಗಲ ಮಾಡಿಕೊಳ್ಳಿ. ಪಕ್ಕದ ಸಂದು ಕಿರಿದಾಗಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು

ಹೊಸದಾಗಿ ಕಲಿಯುವ, ಕಣ್ಣು ಚೆನ್ನಾಗಿರುವ ಮೂವತ್ತರ ಒಳಗಿನವರು ಬುಲ್ಸ್‌ಐಗೆ ಬಂದರೂ ಒಂದು ಚಳಿಗಾಲ ಓಪನ್ ಸೈಟಿನಲ್ಲಿ ಕಳೆಯಲಿ ಅನ್ನುವುದು ನನ್ನ ಅಭಿಪ್ರಾಯ. ಟ್ರಿಗರ್ ಎಳೆಯುವಾಗ ಕಂಬ ಕಚ್ಚಿನೊಳಗೆ ಎತ್ತ ಸರಿಯಿತು ಅನ್ನುವುದನ್ನು ಅದು ಕಲಿಸಿದ ಹಾಗೆ ಬೇರೆ ಯಾವುದೂ ಕಲಿಸುವುದಿಲ್ಲ. ಮುಂದೆ ಐಎಸ್‌ಎಸ್‌ಎಫ್ ಕಡೆಗೆ ಹೋಗುವ ಆಸೆ ಇದ್ದರಂತೂ ಬೇರೆ ಮಾತೇ ಇಲ್ಲ. ನಲವತ್ತೈದು ದಾಟಿದವರು, ಅಂಚು ಮಸುಕಾಗಿದೆ ಅನ್ನುವವರು, ಓಪನ್ ಸೈಟ್ ಇಷ್ಟವಾದರೆ ಮೊದಲು ಲೆನ್ಸ್ ಮಾಡಿಸಿ ನೋಡಲಿ. ಅದು ಒಳ್ಳೆಯ ಡಾಟಿಗಿಂತ ಅಗ್ಗ. ಏಮ್‌ಪಾಯಿಂಟ್ ಮೈಕ್ರೋ ಒಂದರ ಬೆಲೆಗೆ ಹೆಚ್ಚು ಕಡಿಮೆ ಇನ್ನೊಂದು .22 ಪಿಸ್ತೂಲೇ ಬರುತ್ತದೆ. ಲೆನ್ಸ್ ಹಾಕಿಯೂ ಕಣ್ಣು ದಣಿಯುತ್ತದೆ ಅಂದರೆ ಸಂಕೋಚ ಇಲ್ಲದೆ ಡಾಟಿಗೆ ಬನ್ನಿ. ಅದನ್ನು ಸೋಲು ಅನ್ನುವವರ ಮಾತು ಕೇಳಬೇಡಿ. ಎಪ್ಪತ್ತು ದಾಟಿದ ಹಿರಿಯರೊಬ್ಬರು ನಮ್ಮ ಸಾಲಿನಲ್ಲಿ ನಿಂತು ಡಾಟಿನಲ್ಲಿ ಈಗಲೂ ನನಗಿಂತ ಚೆನ್ನಾಗಿ ಹೊಡೆಯುತ್ತಾರೆ. ಡಾಟ್ ಇಲ್ಲದಿದ್ದರೆ ಅವರು ಮನೆಯಲ್ಲಿ ಕೂತಿರುತ್ತಿದ್ದರು.

ಕೊಳ್ಳುವ ಮುಂಚೆ ಕ್ಲಬ್ಬಿನಲ್ಲಿ ಯಾರದಾದರೂ ಡಾಟ್ ಕೇಳಿ ಒಂದು ಸಂಜೆ ಹೊಡೆದು ನೋಡಿ. ಬುಲ್ಸ್‌ಐ ಜನ ಕೊಡುತ್ತಾರೆ, ಕೇಳಲು ನಾಚಿಕೊಳ್ಳಬೇಡಿ. ಮೊದಲ ಸಂಜೆಯ ಸ್ಕೋರ್ ನೋಡಿ ತೀರ್ಮಾನ ಮಾಡಬೇಡಿ, ಅದು ಹೊಸತರ ಹುಮ್ಮಸ್ಸು. ಮನೆಗೆ ಬಂದಾಗ ಕಣ್ಣು ಎಷ್ಟು ದಣಿದಿದೆ ಅಂತ ನೋಡಿ. ಕೊನೆಯ ಟಾರ್ಗೆಟ್ಟಿನ ಗುಂಪು ಮೊದಲನೆಯದರಷ್ಟೇ ಚಿಕ್ಕದಿದೆಯಾ ಅಂತಲೂ ನೋಡಿ. ಕೊಂಡ ಮೇಲೆ ಒಂದು ಸೀಸನ್ ಪೂರ್ತಿ ಅದರಲ್ಲೇ ಇರಿ. ಪಂದ್ಯಕ್ಕೆ ಒಂದು ತಿಂಗಳು ಇರುವಾಗ ಸೈಟ್ ಬದಲಾಯಿಸುವುದಂತೂ ಬೇಡವೇ ಬೇಡ. ತೆಗೆದ ಓಪನ್ ಸೈಟನ್ನು ಮಾರಬೇಡಿ. ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಅದರ ಸ್ಕ್ರೂಗಳ ಸಮೇತ, ಪೆಟ್ಟಿಗೆಯಲ್ಲೇ ಇಟ್ಟಿರಿ. ಪಂದ್ಯದ ದಿನ ಡಾಟ್ ಕೈಕೊಟ್ಟರೆ ಅದನ್ನೇ ಹಾಕಿ ಪೂರೈಸಬಹುದು.